ತೊಡೆ ಸಂದು ಉಜ್ಜದ ಸೈಕಲ್ ಸೀಟು ಯಾವುದು?

ಮೂರ್ನಾಡು_ಪೆಡಲ್

ಎಲ್ಲರಿಗೂ ನಮಸ್ಕಾರ. ಮೂರ್ನಾಡಿನಿಂದ ಮಡಿಕೇರಿಗೆ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಪುರುಸೊತ್ತಿದ್ದರೆ ನಾಪೋಕ್ಲು, ಭಾಗಮಂಡಲದ ಕಡೆ. ಗೇರ್ ಇರುವ ಹೈಬ್ರಿಡ್ ಸೈಕಲ್, ಅದರ ಜೊತೆ ಬಂದ ಸೀಟೇ ಇದೆ.

ಗಂಟೆ ಹೊತ್ತು ತುಳಿದರೆ ತೊಡೆ ಸಂದಿನಲ್ಲಿ ಉರಿ ಶುರು. ಬಲಗಡೆ ಜಾಸ್ತಿ. ಮನೆಗೆ ಬಂದು ಬಿಸಿನೀರು ಹುಯ್ದುಕೊಂಡಾಗ ಜೀವ ಹೋದ ಹಾಗಾಗುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಸೀಟಿನ ಮೇಲೆ ಜೆಲ್ ಕವರ್ ಹಾಕಿ ನೋಡಿದೆ, ಮೊದಮೊದಲು ಹಾಯೆನಿಸಿತು, ಆಮೇಲೆ ಉಜ್ಜುವುದು ಇನ್ನೂ ಹೆಚ್ಚಾಯಿತು. ಈಗ ಅಂಗಡಿಯವರು ಅಗಲವಾದ, ಸ್ಪ್ರಿಂಗ್ ಇರುವ, ಸೋಫಾ ಥರದ ಸೀಟು ತೋರಿಸುತ್ತಿದ್ದಾರೆ. ತಗೊಳ್ಳಬಹುದಾ?

ಕುಶಾಲನಗರ_ಗಾಲಿ

ಬೇಡ ಅಣ್ಣ, ದುಡ್ಡು ದಂಡ. ಆ ಸೀಟು ಮಾರ್ಕೆಟ್‌ಗೆ ಹೋಗಿ ಬರುವವರಿಗೆ, ನೆಟ್ಟಗೆ ಕೂತು ತುಳಿಯುವವರಿಗೆ ಸರಿ. ನೀವು ಮುಂದಕ್ಕೆ ಬಾಗಿ ಏರು ಹತ್ತುವವರು. ಸೀಟಿನ ಮೂತಿ ದಪ್ಪ ಇದ್ದಷ್ಟೂ ಪ್ರತಿ ಸುತ್ತಿಗೂ ಎರಡೂ ತೊಡೆ ಅದಕ್ಕೆ ತಿಕ್ಕುತ್ತದೆ.

ಮೆತ್ತಗಿದ್ದರೆ ಸುಖ ಅನ್ನುವುದು ಅಂಗಡಿಯಲ್ಲಿ ಕೂತು ನೋಡುವ ಎರಡು ನಿಮಿಷಕ್ಕೆ ಮಾತ್ರ. ಮೈಭಾರ ಹೊರಬೇಕಾದ್ದು ಕುಂಡೆಯ ಕೆಳಗಿನ ಎರಡು ಮೂಳೆ. ಮೆತ್ತನೆ ಜೆಲ್ ಆದರೆ ಮೂಳೆ ಒಳಗೆ ಹೂತುಹೋಗುತ್ತದೆ, ಜೆಲ್ ನಡುವೆ ಉಬ್ಬಿ ಬಂದು ಒತ್ತಬಾರದ ಜಾಗಕ್ಕೆ ಒತ್ತುತ್ತದೆ. ಮೇಲೆ ಹಾಕುವ ಕವರ್ ಇನ್ನೂ ಕೆಟ್ಟದ್ದು, ಅದು ಕೂತಲ್ಲೇ ಅಲ್ಲಾಡುತ್ತಿರುತ್ತದೆ. ನಿಮಗೆ ಉರಿ ಹೆಚ್ಚಾಗಿದ್ದು ಅದರಿಂದಲೇ. ಮೊದಲು ಅದನ್ನು ಕಿತ್ತು ಬಿಸಾಕಿ.

ಸೀಟು ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಅಂಗಡಿ ಸಾಮಾನು ಬರುವ ರಟ್ಟಿನ ಪೆಟ್ಟಿಗೆ ಇರುತ್ತದಲ್ಲ, ಒಳಗೆ ಅಲೆಅಲೆ ಇರುವುದು, ಅದರ ಒಂದು ತುಂಡನ್ನು ಗಟ್ಟಿ ಸ್ಟೂಲ್ ಮೇಲಿಟ್ಟು ತೆಳು ಚಡ್ಡಿಯಲ್ಲಿ ಕೂರಿ. ಹಿಮ್ಮಡಿ ಎತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಒಂದು ನಿಮಿಷ ಹಾಗೇ ಇರಿ. ಎದ್ದು ರಟ್ಟಿನ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ತಿಕ್ಕಿದರೆ ಎರಡು ತಗ್ಗು ಬಿಳಿಯಾಗದೆ ಹಾಗೇ ಉಳಿಯುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, ಅದಕ್ಕೆ ಸುಮಾರು 2 ಸೆಂಟಿಮೀಟರ್ ಸೇರಿಸಿ. ಅಷ್ಟು ಅಗಲದ ಸೀಟು ಹುಡುಕಿ. ಸೀಟಿನ ಅಡಿಯಲ್ಲಿ ಅಥವಾ ಡಬ್ಬದ ಮೇಲೆ ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಮೂತಿ ಸಪೂರ ಇರಲಿ, ನಡುವೆ ಕಾಲುವೆ ತೆಗೆದಿದ್ದರೆ ಒಳ್ಳೆಯದು.

ಗೋಣಿಕೊಪ್ಪ_ಸವಾರಿ

ಅಲ್ಲಾ, ಏನು ಹಾಕಿಕೊಂಡು ಹೋಗುತ್ತೀರಿ ಅಂತ ಯಾರೂ ಕೇಳಲೇ ಇಲ್ಲವಲ್ಲ! ಜೀನ್ಸ್ ಆದರೆ ಯಾವ ಸೀಟು ಹಾಕಿದರೂ ಅಷ್ಟೇ. ನಾಲ್ಕು ಹೊಲಿಗೆ ಬಂದು ಸೇರುವ ದಪ್ಪ ಗಂಟು ಸರಿಯಾಗಿ ಅಲ್ಲೇ ಕೂರುತ್ತದೆ. ಕಾಟನ್ ಒಳಚಡ್ಡಿಯೂ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ಅದರ ಅಂಚೇ ಚರ್ಮ ಕೊರೆಯುತ್ತದೆ.

ಪ್ಯಾಡ್ ಇರುವ ಸೈಕಲ್ ಶಾರ್ಟ್ಸ್ ತಗೊಳ್ಳಿ. ಒಳಗೆ ಏನೂ ಹಾಕಬಾರದು, ಅದನ್ನು ಬರೀ ಮೈಗೇ ಹಾಕುವುದು. ಹೊರಗೆ ನಾಚಿಕೆಯಾದರೆ ಮೇಲೊಂದು ಸಡಿಲ ಚಡ್ಡಿ ಎಳೆದುಕೊಳ್ಳಿ, ನಾನು ಮಾಡುವುದೂ ಅದನ್ನೇ, ಪೇಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಊರಿನ ನಿಜವಾದ ತಾಪತ್ರಯ ಒಣಗಿಸುವುದು. ಜೂನ್ ಬಂತು ಅಂದರೆ ಕರವಸ್ತ್ರವೂ ಒಣಗುವುದಿಲ್ಲ, ಇನ್ನು ಆ ಪ್ಯಾಡ್! ಮೇಲೆ ಮುಟ್ಟಿದರೆ ಒಣಗಿದ ಹಾಗೆ, ಹಿಂಡಿದರೆ ಒಳಗೆ ತಣ್ಣಗೆ. ಅದನ್ನೇ ಹಾಕಿಕೊಂಡು ಹೋದರೆ ಉಜ್ಜಿ ಕೆಂಪಾಗಿ, ಆಮೇಲೆ ಕುರು. ಒಗೆದ ಮೇಲೆ ಒಣ ಟವೆಲ್‌ನಲ್ಲಿ ಸುತ್ತಿ ಬಿಗಿಯಾಗಿ ತಿರುಚಿ, ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಒಳಬದಿ ಹೊರಗೆ ಮಾಡಿ, ಬಚ್ಚಲು ಒಲೆ ಇರುವ ಕಡೆ ಎತ್ತರಕ್ಕೆ ಹಾಕಿ. ಬೆಂಕಿಗೆ ಹತ್ತಿರ ಬೇಡ, ಸ್ಪಂಜು ಕೆಡುತ್ತದೆ. ಮೂರು ಜೊತೆ ಇಲ್ಲದೆ ಮಳೆಗಾಲ ಕಳೆಯುವುದಿಲ್ಲ. ತೊಡೆ ಸಂದಿಗೆ ಹೊರಡುವಾಗಲೇ ವ್ಯಾಸಲಿನ್ ಹಚ್ಚಿ, ಉರಿ ಬಂದ ಮೇಲೆ ಅಲ್ಲ.

ಹಳೇ_ಡೈನಮೋ

ಇಷ್ಟೆಲ್ಲ ಯಾಕಪ್ಪಾ? ಚರ್ಮದ ಸೀಟು ಹಾಕು, ಮರೆತುಬಿಡು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ರೂಕ್ಸ್ ಅನ್ನುವವನು ಕುದುರೆ ಸತ್ತುಹೋಯಿತೆಂದು ಸೈಕಲ್ ಹತ್ತಿದನಂತೆ, ಅದರ ಸೀಟಿನ ಕಾಟ ತಾಳಲಾರದೆ ತಾನೇ ಒಂದು ಮಾಡಿ 1882ರಲ್ಲಿ ಪೇಟೆಂಟ್ ತೆಗೆದ. ಅವರ ಬಿ17 ಈಗಲೂ ಬರುತ್ತಿದೆ. ದಪ್ಪ ಚರ್ಮವನ್ನು ಹಿಂದೆ ಮುಂದೆ ಕಬ್ಬಿಣಕ್ಕೆ ಬಿಗಿದು ಕಟ್ಟಿರುತ್ತಾರೆ, ಸ್ಪಂಜು ಗಿಂಜು ಏನಿಲ್ಲ. ಮೊದಲು ಹಲಗೆ ಮೇಲೆ ಕೂತ ಹಾಗಿರುತ್ತದೆ. ತುಳಿಯುತ್ತಾ ತುಳಿಯುತ್ತಾ ನಿನ್ನ ಮೂಳೆಗೆ ಸರಿಯಾಗಿ ಎರಡು ಗುಳಿ ಬೀಳುತ್ತದೆ. ಗಾಳಿಯೂ ಆಡುತ್ತದೆ, ಬೆವರು ನಿಲ್ಲುವುದಿಲ್ಲ.

ಕುಶಾಲನಗರ_ಗಾಲಿ

ಸರ್, ನಿಮ್ಮ ಮಾತು ಒಪ್ಪಿದೆ, ಆದರೆ ಕೊಡಗಿನ ಮಳೆಗೆ ಚರ್ಮವಾ? ನೆನೆದ ಚರ್ಮದ ಮೇಲೆ ಕೂತು ತುಳಿದರೆ ಜೋತುಬೀಳುತ್ತದೆ. ಮನೆಯೊಳಗಿಟ್ಟರೂ ಬೂಷ್ಟು. ಬಿ17 ಸುಮಾರು 175 ಮಿಲಿಮೀಟರ್ ಅಗಲ ಬೇರೆ, ಸಪೂರ ಆಳಿಗೆ ತೊಡೆ ತಾಗಬಹುದು.

ಹಳೇ_ಡೈನಮೋ

ನಿಲ್ಲಿಸುವಾಗ ಪ್ಲಾಸ್ಟಿಕ್ ಚೀಲ ಕಟ್ಟಬೇಕು, ಮುಂದೆ ಮಡ್‌ಗಾರ್ಡ್, ಹಿಂದೆ ಮಡ್‌ಗಾರ್ಡ್ ಇರಬೇಕು, ನೆನೆದರೆ ನೆರಳಲ್ಲಿ ಒಣಗಿಸಿ ಮೇಣ ಹಚ್ಚಬೇಕು. ಅಷ್ಟು ಸೋಮಾರಿಯಾದರೆ ಅವರದೇ ರಬ್ಬರ್ ಸೀಟೂ ಇದೆ, ಕೇಂಬಿಯಂ ಅಂತ. ಮಳೆಗೆ ಹೆದರುವುದಿಲ್ಲ. ಬೆಲೆ ಕೇಳಿ ನೀನು ಹೆದರಬಹುದು.

ಮೂರ್ನಾಡು_ಪೆಡಲ್

ಎಲ್ಲರಿಗೂ ಥ್ಯಾಂಕ್ಸ್. ರಟ್ಟಿನ ಮೇಲೆ ಕೂತು ಅಳೆದೆ, ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಹನ್ನೊಂದೂವರೆ ಸೆಂಟಿಮೀಟರ್ ಬಂತು. ಈಗಿರುವ ಸೀಟಿನ ಅಡಿಯಲ್ಲಿ 165 ಅಂತಿದೆ! ಕವರ್ ತೆಗೆದೆ, ಶಾರ್ಟ್ಸ್ ತರಿಸುತ್ತೇನೆ. ಆದರೆ ಬಲಗಡೆ ಮಾತ್ರ ಜಾಸ್ತಿ ಯಾಕೆ ಅಂತ ಯಾರೂ ಹೇಳಲಿಲ್ಲ.

ಗೋಣಿಕೊಪ್ಪ_ಸವಾರಿ

ಸೀಟು ಎತ್ತರ ಆಗಿರಬೇಕು. ಹಿಂದಿನಿಂದ ಯಾರಾದರೂ ವೀಡಿಯೋ ಮಾಡಲಿ, ತುಳಿಯುವಾಗ ಸೊಂಟ ಆ ಕಡೆ ಈ ಕಡೆ ವಾಲುತ್ತಿದ್ದರೆ ಅದೇ ಕಾರಣ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಮಡಚಿರುತ್ತದೆ.

ಕುಶಾಲನಗರ_ಗಾಲಿ

ಅಕ್ಕ ಹೇಳಿದ್ದು ಸರಿ. ಜೊತೆಗೆ ಸೀಟಿನ ಮೂತಿ ಸೊಟ್ಟಗಿದೆಯಾ ನೋಡಿ, ಮೇಲಿನಿಂದ ನೋಡಿದರೆ ಸೈಕಲ್‌ನ ಅಡ್ಡ ಪೈಪಿನ ಸಾಲಿಗೇ ಬರಬೇಕು. ಗಾರೆಯವರ ರಸಮಟ್ಟ ಸಿಕ್ಕಿದರೆ ಸೀಟಿನ ಮೇಲೆ ಉದ್ದಕ್ಕೆ ಇಟ್ಟು ಮಟ್ಟಸ ಮಾಡಿ. ಮೂತಿ ಮೇಲೆದ್ದರೆ ಮುಂದೆ ಒತ್ತುತ್ತದೆ, ಜಾಸ್ತಿ ಕೆಳಗಾದರೆ ಜಾರಿ ಜಾರಿ ಉಜ್ಜುತ್ತದೆ, ಕೈಯೂ ನೋಯುತ್ತದೆ. ಇದೆಲ್ಲ ಮಾಡಿ, ಆಮೇಲೆ 135ರ ಆಸುಪಾಸಿನ ಸೀಟು ನೋಡಿ. ಮತ್ತೆ ಮೇಕೇರಿ ಏರಿನಲ್ಲಿ ಆಗಾಗ ಎದ್ದು ನಿಂತು ತುಳಿಯಿರಿ.

ಗೋಣಿಕೊಪ್ಪ_ಸವಾರಿ

ಈಗ ಚರ್ಮ ಕಿತ್ತು ಬಂದಿದ್ದರೆ ಅದು ಮಾಯುವವರೆಗೆ ಸೈಕಲ್ ಮುಟ್ಟಬೇಡಿ, ಬಸ್ಸಲ್ಲಿ ಹೋಗಿ. ಗಟ್ಟಿ ಗಂಟು, ಕೀವು ಕಂಡರೆ ಒಡೆಯಲು ಹೋಗದೆ ಡಾಕ್ಟರ್‌ಗೆ ತೋರಿಸಿ.