ಕಪಾಟಿನ ಅಷ್ಟೂ ಪ್ಲಾಸ್ಟಿಕ್ ಡಬ್ಬಿಗಳನ್ನು ಎಸೆಯಬೇಕೇ?

ಮುಚ್ಚಳ ಸಿಗದವಳು

ಕಳೆದ ಭಾನುವಾರ ಅಡುಗೆಮನೆಯ ಕೆಳಗಿನ ಕಪಾಟನ್ನು ಖಾಲಿ ಮಾಡಿ, ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕುಳಿತೆ. 31 ಡಬ್ಬಿಗಳು, 23 ಮುಚ್ಚಳಗಳು. ಉಳಿದ ಎಂಟು ಮುಚ್ಚಳಗಳು ಎಲ್ಲಿ ಹೋದವು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಇಲ್ಲಿ ಕೇಳುವುದಿಲ್ಲ.

ಮಗುಚಿ ನೋಡಿದರೆ ತಳದಲ್ಲಿ ತ್ರಿಕೋನ, ಅದರೊಳಗೆ ಒಂದು ಅಂಕಿ. 18 ಡಬ್ಬಿಗಳಲ್ಲಿ 5, ಏಳರಲ್ಲಿ 1, ಎರಡರಲ್ಲಿ 7. ನಾಲ್ಕು ಡಬ್ಬಿಗಳಲ್ಲಿ ಏನೂ ಇಲ್ಲ. 7 ಇರುವ ದೊಡ್ಡದು ನನ್ನ ತಾಯಿಯದು. ಒಂದು ಕಾಲಕ್ಕೆ ಗಾಜಿನಂತೆ ಹೊಳೆಯುತ್ತಿದ್ದದ್ದು ಈಗ ಮಂಜು ಕವಿದಂತಾಗಿದೆ; ಬೆಳಕಿಗೆ ಹಿಡಿದರೆ ಒಳಗೆಲ್ಲ ಜೇಡರ ಬಲೆಯಂಥ ಬಿರುಕುಗಳು ಕಾಣುತ್ತವೆ. ಇನ್ನೊಂದು ಡಬ್ಬಿಯನ್ನು ಎಷ್ಟು ಉಜ್ಜಿದರೂ ಟೊಮೆಟೊದ ಕೆಂಪು ಹೋಗುವುದಿಲ್ಲ.

ಮಗಳಿಗೆ ಎರಡು ವರ್ಷ. ಅವಳ ಊಟವೂ ಇವುಗಳಲ್ಲೇ ಫ್ರಿಜ್ ಸೇರಿ, ಇವುಗಳಲ್ಲೇ ಬಿಸಿಯಾಗುತ್ತದೆ. "ಎಲ್ಲವನ್ನೂ ಎಸೆದು ಗಾಜಿನವು ತನ್ನಿ ಅತ್ತಿಗೆ" ಎಂದು ಮೈದುನ ಸುಲಭವಾಗಿ ಹೇಳಿಬಿಟ್ಟ. ಈ ಮನೆಯಲ್ಲಿ ಪಾತ್ರೆ ಬೀಳಿಸುವವಳು ಮಗಳಲ್ಲ, ನಾನೇ. ತಳದ ಅಂಕಿ ಸುರಕ್ಷತೆಯನ್ನು ಹೇಳುತ್ತದೆಯೇ? 'ಬಿಪಿಎ ಮುಕ್ತ', ಅಂದರೆ ಬಿಪಿಎ ಎಂಬ ರಾಸಾಯನಿಕ ಇಲ್ಲ ಎಂದಿದ್ದರೆ ಸಾಕೇ? ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಲು ಆಗದಿದ್ದರೆ ಮೊದಲು ಯಾವುದನ್ನು ಬಿಡಬೇಕು?

ನಿವೃತ್ತ ತಕ್ಕಡಿ

ಆಹಾರದ ಪೊಟ್ಟಣ, ಡಬ್ಬಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ 19 ವರ್ಷ ಕೆಲಸ ಮಾಡಿದವನು ನಾನು. ಎಲ್ಲವನ್ನೂ ಎಸೆಯಬೇಡಿ.

ಆ ಅಂಕಿಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದಿತು, ಮರುಬಳಕೆಗೆ ವಿಂಗಡಿಸುವವರ ಅನುಕೂಲಕ್ಕಾಗಿ. ಅದು ಪ್ಲಾಸ್ಟಿಕ್ಕಿನ ಬಗೆಯನ್ನು ಹೇಳುತ್ತದೆ, ಗುಣಕ್ಕೆ ಕೊಟ್ಟ ಅಂಕವಲ್ಲ. ಆದರೆ ಬಗೆ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ನಾವು ಡಬ್ಬಿಗೆ ಊಟ ತುಂಬಿ ಪರೀಕ್ಷಿಸುತ್ತಿರಲಿಲ್ಲ. ಹುಳಿ ಪದಾರ್ಥದ ಬದಲಿಗೆ ಶೇ. 3ರ ಅಸಿಟಿಕ್ ಆಮ್ಲ, ಜಿಡ್ಡಿನ ಬದಲಿಗೆ ಅಡುಗೆ ಎಣ್ಣೆ. ಅದನ್ನು ತುಂಬಿ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10 ದಿನ ಇಡುತ್ತಿದ್ದೆವು. ಆಮೇಲೆ ಆ ಆಮ್ಲವನ್ನು ಪುಟ್ಟ ಬಟ್ಟಲಿನಲ್ಲಿ ಪೂರ್ತಿ ಆರಿಸಿದರೆ ತಳದಲ್ಲಿ ತೆಳುವಾದ ಬಿಳಿ ಪೊರೆ ಉಳಿಯುತ್ತಿತ್ತು. ಡಬ್ಬಿಯಿಂದ ಇಳಿದು ಬಂದದ್ದು ಅದು. ಐರೋಪ್ಯ ಒಕ್ಕೂಟದ ನಿಯಮದಂತೆ ಅದು ಪ್ರತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ದಾಟಬಾರದು. ಒಳ್ಳೆಯ ಡಬ್ಬಿಯಲ್ಲಿ ಪೊರೆ ಕಣ್ಣಿಗೇ ಬೀಳುತ್ತಿರಲಿಲ್ಲ, ತಕ್ಕಡಿಗೆ ಮಾತ್ರ ಗೊತ್ತಾಗುತ್ತಿತ್ತು. ಅದೇ ಡಬ್ಬಿಯನ್ನು ಎಣ್ಣೆ ತುಂಬಿ ಕಾಯಿಸಿದರೆ ಲೆಕ್ಕವೇ ಬೇರೆ.

ಆದ್ದರಿಂದ ಡಬ್ಬಿ ಯಾವುದು ಎನ್ನುವುದಕ್ಕಿಂತ ಮೊದಲು ಒಳಗೆ ಏನು, ಎಷ್ಟು ಬಿಸಿ, ಎಷ್ಟು ದಿನ ಎಂದು ಕೇಳಿಕೊಳ್ಳಿ. ನಿಮ್ಮ ಟೊಮೆಟೊ ಕಲೆಯೇ ಇದಕ್ಕೆ ಸಾಕ್ಷಿ. ಟೊಮೆಟೊದ ಕೆಂಪು ಬಣ್ಣ ಜಿಡ್ಡಿನಲ್ಲಿ ಕರಗುವಂಥದ್ದು. ಬಿಸಿ ಎಣ್ಣೆಯ ಜೊತೆಗೆ ಅದು ಪ್ಲಾಸ್ಟಿಕ್ಕಿನೊಳಕ್ಕೆ ಇಳಿದು ಕುಳಿತಿದೆ, ಹಾಗಾಗಿ ಉಜ್ಜಿದರೆ ಹೋಗುವುದಿಲ್ಲ. ಒಳಗೆ ಹೋಗಲು ಇರುವ ದಾರಿ ಹೊರಗೆ ಬರಲೂ ಇದೆ.

5 ಎಂದರೆ ಪಾಲಿಪ್ರೊಪಿಲೀನ್. ಕರಗುವುದು ಸುಮಾರು 160 ಡಿಗ್ರಿಗೆ, ಗಟ್ಟಿ ಜೀವ. ಆದರೂ ಎಣ್ಣೆಯ ಅಡುಗೆಯನ್ನು ಅದರಲ್ಲಿ ಮೈಕ್ರೋವೇವ್ ಮಾಡಬೇಡಿ. ನೀರು 100 ಡಿಗ್ರಿಗೆ ನಿಲ್ಲುತ್ತದೆ, ಎಣ್ಣೆ ನಿಲ್ಲುವುದಿಲ್ಲ. ಹಳೆಯ ಡಬ್ಬಿಯ ಒಳಗೋಡೆಗೆ ಬೆರಳು ಆಡಿಸಿ ನೋಡಿ. ಎಣ್ಣೆ ನಿಂತಿದ್ದ ಮಟ್ಟದಲ್ಲಿ ಒರಟು ಗೆರೆ ಸಿಕ್ಕರೆ ಅಲ್ಲಿ ಪ್ಲಾಸ್ಟಿಕ್ ಕರಗಿದೆ ಎಂದು ತಿಳಿಯಿರಿ. 1 ಎಂದರೆ ಪೆಟ್, ನೀರಿನ ಬಾಟಲಿಯ ಪ್ಲಾಸ್ಟಿಕ್; ಸುಮಾರು 70 ಡಿಗ್ರಿಗೇ ಮೆತ್ತಗಾಗುತ್ತದೆ. ಒಣ ಕಾಳು, ಧಾನ್ಯಕ್ಕೆ ಇರಲಿ. 3 (ಪಿವಿಸಿ) ಮತ್ತು 6 (ಪಾಲಿಸ್ಟೈರೀನ್) ನಿಮ್ಮಲ್ಲಿ ಇಲ್ಲ, ಒಳ್ಳೆಯದಾಯಿತು.

7 ಎಂದರೆ 'ಇತರೆ', ಏನು ಬೇಕಾದರೂ ಇರಬಹುದು. ನಿಮ್ಮ ತಾಯಿಯ ಡಬ್ಬಿ ನಿಮ್ಮ ವರ್ಣನೆಯಂತೆ ಪಾಲಿಕಾರ್ಬೊನೇಟ್ ಇರಬೇಕು. ಅದನ್ನು ತಯಾರಿಸುವುದೇ ಬಿಪಿಎಯಿಂದ, ಅಂದರೆ ದೇಹದಲ್ಲಿ ಹಾರ್ಮೋನಿನಂತೆ ವರ್ತಿಸಬಲ್ಲ ಬಿಸ್ಫಿನಾಲ್ ಎ ಎಂಬ ರಾಸಾಯನಿಕದಿಂದ. ವರ್ಷಗಟ್ಟಲೆ ಬಿಸಿನೀರು, ಕ್ಷಾರದ ಸೋಪು ತಗುಲಿದಷ್ಟೂ ಅದು ಹೆಚ್ಚು ಬಿಟ್ಟುಕೊಡುತ್ತದೆ. ಮೊದಲು ಬಿಡಬೇಕಾದದ್ದು ಅದನ್ನೇ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ಬಿಪಿಎಯ ದಿನದ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ ಇಳಿಸಿದ್ದು 2023ರಲ್ಲಿ. 20,000 ಪಟ್ಟು ಇಳಿಕೆ! ಮರುವರ್ಷದ ಕೊನೆಗೆ ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ಬಳಸಬಾರದೆಂದು ಅಲ್ಲಿ ನಿಯಮವೂ ಬಂತು.

'ಬಿಪಿಎ ಮುಕ್ತ' ಎನ್ನುವ ಚೀಟಿ ಏನಿಲ್ಲ ಎಂದು ಹೇಳುತ್ತದೆ, ಏನಿದೆ ಎಂದು ಹೇಳುವುದಿಲ್ಲ. ಅದರ ಜಾಗಕ್ಕೆ ಬಂದ ಬಿಪಿಎಸ್ ಕೂಡ ಹಾರ್ಮೋನಿನ ವಿಷಯದಲ್ಲಿ ಅದರ ತಮ್ಮನೇ.

ಅಂಕಿಯೇ ಇಲ್ಲದ ನಾಲ್ಕರಲ್ಲಿ ಲೋಟ ಮತ್ತು ಫೋರ್ಕ್ ಚಿತ್ರವಾದರೂ ಇದೆಯೇ ನೋಡಿ. ಅದು ಆಹಾರಕ್ಕೆಂದೇ ಮಾಡಿದ್ದು ಎಂಬ ಗುರುತು. ಅದೂ ಇಲ್ಲದಿದ್ದರೆ ಮೊಳೆ, ಸ್ಕ್ರೂ ತುಂಬಿಡಿ.

ಸಂಜೆ ಪಾಳಿ

ಇಷ್ಟೆಲ್ಲ ತಲೆನೋವು ಏಕೆ? ಸ್ಟೀಲ್ ತನ್ನಿ. ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್. ಮುಗಿಯಿತು.

ನಿವೃತ್ತ ತಕ್ಕಡಿ

ಸ್ಟೀಲ್ ಸರಿ, ಆಯಸ್ಕಾಂತ ಸರಿಯಲ್ಲ ಸ್ವಾಮಿ. 304 ಎಂಬ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ, ಆಯಸ್ಕಾಂತ ಅಂಟುವುದಿಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಅತ್ತ ಅಪ್ಪಟ 304ನ್ನು ಒತ್ತಿ ಬಗ್ಗಿಸಿದ ಮೂಲೆಗಳಲ್ಲಿ ಸ್ವಲ್ಪ ಅಂಟಿದರೂ ಅಂಟೀತು. ತಳದಲ್ಲಿ ಕೊರೆದ ಅಂಕಿಯನ್ನು ನೋಡುವುದೇ ಮೇಲು. ಹೆಚ್ಚು ಉಪ್ಪಿನ ಪದಾರ್ಥವನ್ನು ವಾರಗಟ್ಟಲೆ ಸ್ಟೀಲಿನಲ್ಲಿ ಇಡಬೇಡಿ, ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ.

ತಿರುಗುವ ಚಕ್ರ

ನಾನು ಕುಂಬಾರಿಕೆಯವಳು. ಪಿಂಗಾಣಿ ಎಂದ ಕೂಡಲೇ ನಂಬಬೇಡಿ ಅಕ್ಕ. ಕಡಿಮೆ ಶಾಖಕ್ಕೇ ಮೆರುಗಿನ ಲೇಪ ಕರಗಿ ಹೊಳಪು ಬರಲಿ ಎಂದು ಹಿಂದಿನಿಂದಲೂ ಸೀಸ ಬೆರೆಸುತ್ತಿದ್ದರು, ಇಂದೂ ಎಲ್ಲ ಕಡೆ ನಿಂತಿಲ್ಲ. ಹುಳಿ ಅದನ್ನು ಹೊರಗೆಳೆಯುತ್ತದೆ, ನಾಲಗೆಗೆ ಗೊತ್ತಾಗುವುದಿಲ್ಲ. ಒಳಮೈಯಲ್ಲಿ ಗಾಢ ಚಿತ್ತಾರ ಇರುವ ಹಳೆಯ ಭರಣಿಯನ್ನು ನೋಡಲು ಇಟ್ಟುಕೊಳ್ಳಿ, ತಿನ್ನಲು ಬೇಡ.

'ಬಿದಿರಿನ' ಬಟ್ಟಲುಗಳ ಬಗ್ಗೆಯೂ ಎಚ್ಚರ. ಹಲವದರಲ್ಲಿ ಬಿದಿರಿನ ಪುಡಿಯನ್ನು ಹಿಡಿದಿಟ್ಟಿರುವುದು ಮೆಲಮೈನ್ ರಾಳ, ಅದೂ ಪ್ಲಾಸ್ಟಿಕ್ಕೇ. ಬಿಸಿಯಾದ, ಹುಳಿಯಾದ ಯಾವುದನ್ನೂ ಅದಕ್ಕೆ ಹಾಕಬೇಡಿ.

ಗಾಜು ಬಿದ್ದಾಗ ಮಾತ್ರ ಒಡೆಯುವುದಿಲ್ಲ. ಫ್ರಿಜ್‌ನಿಂದ ತೆಗೆದು ನೇರವಾಗಿ ಓವನ್ನಿಗೆ ಇಟ್ಟರೂ ಸಿಡಿಯುತ್ತದೆ. ಬೊರೊಸಿಲಿಕೇಟ್ ಎಂದಿದ್ದರೆ ಅದು ಶಾಖಕ್ಕೆ ಹಿಗ್ಗುವುದು ಮಾಮೂಲಿ ಗಾಜಿನ ಮೂರನೆಯ ಒಂದರಷ್ಟು, ತಡೆದುಕೊಳ್ಳುತ್ತದೆ. ಬಿಸಿ ಮಾಡುವುದಕ್ಕೆಂದು ಅಂಥ ಎರಡೇ ಎರಡು ಇದ್ದರೂ ನಿಮಗೆ ಸಾಕಾಗಬಹುದು.

ಮುಚ್ಚಳ ಸಿಗದವಳು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಬೆರಳು ಆಡಿಸಿ ನೋಡಿದೆ, ಒರಟು ಗೆರೆ ಇದೆ. ಒಂದರಲ್ಲಲ್ಲ, ನಾಲ್ಕರಲ್ಲಿ. ಇಷ್ಟು ವರ್ಷ ಅದನ್ನು ಸರಿಯಾಗಿ ತೊಳೆಯದ ಜಿಡ್ಡು ಎಂದುಕೊಂಡು ನನ್ನನ್ನೇ ಬೈದುಕೊಂಡಿದ್ದೆ.

ಒಂದು ಮಾತು ಉಳಿಯಿತು. ಗಾಜಿನ ಡಬ್ಬಿಗೂ ಮುಚ್ಚಳ ಪ್ಲಾಸ್ಟಿಕ್ಕಿನದೇ ಅಲ್ಲವೇ?

ನಿವೃತ್ತ ತಕ್ಕಡಿ

ಹೌದು. ಕಂಠದವರೆಗೆ ತುಂಬದೆ ಒಂದು ಬೆರಳಿನಷ್ಟು ಜಾಗ ಬಿಡಿ, ಆರಿದ ಮೇಲೆ ಮುಚ್ಚಿ, ಬಿಸಿ ಮಾಡುವಾಗ ಮುಚ್ಚಳ ತೆಗೆದು ತಟ್ಟೆ ಕವಿಚಿ. ತಾಗದಿದ್ದರೆ ಚಿಂತೆ ಇಲ್ಲ.

ಮುಚ್ಚಳ ಸಿಗದವಳು

ಹಾಗೇ ಮಾಡುತ್ತೇನೆ. ಅಡುಗೆಮನೆಯಿಂದ 12 ಹೊರಗೆ ಹೋದವು: ಅಂಕಿಯಿಲ್ಲದ ನಾಲ್ಕು, ಕಲೆಯೋ ಗೆರೆಯೋ ಗೀರೋ ಇದ್ದ ಏಳು, ಮತ್ತು ಅಮ್ಮನದು. ಅಮ್ಮನ ಡಬ್ಬಿಯನ್ನು ಎಸೆಯಲು ಕೈ ಬರಲಿಲ್ಲ. ಹೊಲಿಗೆಯ ದಾರ, ಗುಂಡಿಗಳನ್ನು ತುಂಬಿ ಮೇಲಿಟ್ಟಿದ್ದೇನೆ. ಇನ್ನೊಂದು 7ರಲ್ಲಿ ಒಣ ಧಾನ್ಯವಿದೆ. ಬಿಸಿ ಮಾಡುವುದಕ್ಕೆ ಗಾಜಿನವು ಎರಡು ಬರಲಿವೆ.

ಈಗ ಕಪಾಟಿನಲ್ಲಿ 19 ಡಬ್ಬಿಗಳು. ಮುಚ್ಚಳಗಳು ಮಾತ್ರ 23 ಹಾಗೆಯೇ ಇವೆ. ಯಾವುದು ಯಾವುದರದ್ದೆಂದು ತಿಳಿಯದೆ ಒಂದನ್ನೂ ಎಸೆಯಲು ಧೈರ್ಯ ಬರುತ್ತಿಲ್ಲ.