ಅಮ್ಮನ ಎಕೋದಲ್ಲಿ 'ಎ' ಅಲೆ ಜಾಸ್ತಿ ಇದೆ. ಇದು ಒಳ್ಳೆಯದಾ?

ಹಾಸನದ ಮಗಳು:
ಅಮ್ಮನಿಗೆ 66 ವರ್ಷ, ಬಹಳ ವರ್ಷಗಳಿಂದ ಬಿಪಿ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಇ ಅಲೆ 0.6, ಎ ಅಲೆ 0.9 ಅಂತ ಇದೆ. 'ಎ' ಅಂದರೆ ಹೃದಯದ ಮೇಲಿನ ಕೋಣೆ ಹಿಂಡಿ ಕಳಿಸುವ ರಕ್ತ ಅಂತ ಓದಿದೆ. ಹಾಗಾದರೆ ಅದು ಜೋರಾಗಿ ಕೆಲಸ ಮಾಡುತ್ತಿದೆ ಅಲ್ವಾ? ಆದರೆ ಕೆಳಗೆ 'ಎಡ ಹೃತ್ಕರ್ಣ ಸ್ವಲ್ಪ ದೊಡ್ಡದು' ಅಂತಲೂ ಬರೆದಿದ್ದಾರೆ, ಅಂದರೆ ಅದೇ ಮೇಲಿನ ಕೋಣೆ. ಅದೇ ಭಯ.

ಎಕೋ ಟೆಕ್ನಿಷಿಯನ್, ಮೈಸೂರು:
ದಿನವಿಡೀ ಈ ಎರಡು ಅಲೆಗಳನ್ನೇ ನೋಡುವವಳು ನಾನು. ಗಾಬರಿ ಬೇಡ, ಈ ವಯಸ್ಸಿಗೆ ಎ ಸ್ವಲ್ಪ ಎತ್ತರ ಇರುವುದು ಸಾಮಾನ್ಯ. ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ.

ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟ ತೆರೆದ ಕೂಡಲೇ ತಾನಾಗಿ ಇಳಿಯುವ ರಕ್ತ ಇ. ಕೊನೆಗೆ ಮೇಲಿನ ಕೋಣೆ ಹಿಂಡುವುದು ಎ. ಬಿಪಿಯಿಂದ ಕೆಳಗಿನ ಕೋಣೆ ಬಿಗಿಯಾದರೆ ಬೇಗ ಸಡಿಲವಾಗುವುದಿಲ್ಲ. ಇ ಕುಗ್ಗುತ್ತದೆ, ಮೇಲೆ ರಕ್ತ ಉಳಿಯುತ್ತದೆ. ತುಂಬಿಕೊಂಡ ಕೋಣೆಯ ಸ್ನಾಯು ಹಿಗ್ಗುತ್ತದೆ, ಹಿಗ್ಗಿದಷ್ಟೂ ಜೋರಾಗಿ ಹಿಂಡುತ್ತದೆ. 1895ರಲ್ಲಿ ಒಟ್ಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿ ತೋರಿಸಿದ್ದು ಇದನ್ನೇ.

ಇದಕ್ಕೊಂದು ಮಿತಿ ಇದೆ. ಮೇಲಿನ ಕೋಣೆ ಹಿಂಡಬೇಕಾದ್ದು ಕೆಳಗಿನ ಒತ್ತಡಕ್ಕೆ ಎದುರಾಗಿ. ಆ ಒತ್ತಡ ಏರುತ್ತಲೇ ಹೋದರೆ ಅದು ಸೋಲುತ್ತದೆ, ಎ ಕುಗ್ಗುತ್ತದೆ. ಮೇಲೆ ಕಟ್ಟಿಕೊಂಡ ಒತ್ತಡವೇ ರಕ್ತವನ್ನು ನೂಕಿ ಇ ಮತ್ತೆ ಎತ್ತರವಾಗುತ್ತದೆ. ನೋಡಿದರೆ ಥೇಟ್ ನಾರ್ಮಲ್! ಅನುಮಾನ ಬಂದರೆ ಮೂಗು ಬಾಯಿ ಮುಚ್ಚಿ ಮುಕ್ಕಲು ಹೇಳುತ್ತೇವೆ. ಹೃದಯಕ್ಕೆ ಬರುವ ರಕ್ತ ಕಡಿಮೆಯಾಗಿ, ಪರದೆಯ ಮೇಲೆ ಇ ಕುಸಿಯುತ್ತದೆ, ಎ ಮೇಲೇಳುತ್ತದೆ. ಆಗ ಗುಟ್ಟು ರಟ್ಟಾಗುತ್ತದೆ.

ಶಿವಮೊಗ್ಗದವರು:
ನಮ್ಮ ಅಪ್ಪನಿಗೂ ಬಿಪಿ. ಏಟ್ರಿಯಲ್ ಫಿಬ್ರಿಲೇಷನ್ (ಬಡಿತದ ಲಯ ತಪ್ಪುವ ತೊಂದರೆ) ಶುರುವಾದ ಮೇಲೆ ಒಂದು ಮಹಡಿ ಹತ್ತಲೂ ಏದುಸಿರು. ಎ ಅಲೆಯೇ ಇಲ್ಲ ಅಂದರು ಡಾಕ್ಟರ್.

ಎಕೋ ಟೆಕ್ನಿಷಿಯನ್, ಮೈಸೂರು:
ಹೌದು ಸರ್. ಆಗ ಮೇಲಿನ ಕೋಣೆ ಅದುರುತ್ತದೆ ಅಷ್ಟೆ, ಹಿಂಡುವುದಿಲ್ಲ. ಸಾಮಾನ್ಯವಾಗಿ ಕೆಳಗಿನ ಕೋಣೆ ತುಂಬುವುದರಲ್ಲಿ ಶೇ. 20–30 ಈ ಹಿಂಡುವಿಕೆಯದು. ಬಿಗಿಯಾದ ಹೃದಯ ಅದನ್ನೇ ಇನ್ನೂ ಜಾಸ್ತಿ ನೆಚ್ಚಿಕೊಂಡಿರುತ್ತದೆ. ಅದಕ್ಕೇ ಅಪ್ಪನಿಗೆ ಅಷ್ಟು ಕಷ್ಟವಾಗಿದ್ದು.

ಹಾಸನದ ಅಕ್ಕ, ರಿಪೋರ್ಟಿನಲ್ಲಿ ಹೃತ್ಕರ್ಣದ ಗಾತ್ರ ಎಷ್ಟಿದೆ? ದೇಹದ ಮೇಲ್ಮೈಯ ಚದರ ಮೀಟರಿಗೆ 34 ಮಿ.ಲೀ. ತನಕ ಸರಿ.

ಹಾಸನದ ಮಗಳು:
36. ಬೆಳಗಿನ ಬಿಪಿ 150ರ ಆಸುಪಾಸು ಇರುತ್ತದೆ.

ಎಕೋ ಟೆಕ್ನಿಷಿಯನ್, ಮೈಸೂರು:
36 ಸ್ವಲ್ಪವೇ ಜಾಸ್ತಿ. ಆ 150 ನನಗೆ ಇಷ್ಟವಾಗಲಿಲ್ಲ. ಬೆಳಗಿನ ಲೆಕ್ಕ ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಮಾತ್ರೆ ಬದಲಿಸಬೇಕೋ ಅವರೇ ಹೇಳುತ್ತಾರೆ. ಆಗಾಗ ಅಮ್ಮನ ನಾಡಿ ಹಿಡಿದು ನೋಡಿ. ಬಡಿತ ಹಿಂದೆಮುಂದೆ ಆಗುತ್ತಿದ್ದರೆ ಅವತ್ತೇ ಇಸಿಜಿ ಮಾಡಿಸಿ.