ಮೈಕ್ರೋಸಾಫ್ಟ್ ಟೀಮ್ಸಲ್ಲಿ ಟೀಮು, ಅದರ ಫೈಲ್ ಇರೋ ಶೇರ್‌ಪಾಯಿಂಟ್ ಸೈಟು ಯಾರ್ ಬೇಕಾದ್ರೂ ಮಾಡ್ಬಹುದಾ, ಐಟಿ ಕೈಲೇ ಇರ್ಬೇಕಾ?

ಪ್ರಶ್ನೆ: ನಮ್ ಕಂಪ್ನೀಲಿ ಯಾರ್ ಬೇಕಾದ್ರೂ ಟೀಮ್ ಕ್ರಿಯೇಟ್ ಮಾಡ್ಬಹುದು, ಈಗ ನೋಡಿದ್ರೆ ‘ಪ್ರಾಜೆಕ್ಟ್ ನ್ಯೂ’, ‘ಪ್ರಾಜೆಕ್ಟ್ ನ್ಯೂ 2’, ‘ಟೆಸ್ಟ್’ ಅಂತ ರಾಶಿ ಬಿದ್ದಿದೆ, ಅರ್ಧಕ್ಕರ್ಧ ಓನರ್‌ಗಳು ಕೆಲ್ಸ ಬಿಟ್ಟು ಹೋಗಿದಾರೆ, ಹೇಳೋರಿಲ್ಲ ಕೇಳೋರಿಲ್ಲ, ಒಂದ್ರಲ್ಲಂತೂ ಸ್ಯಾಲರಿ ಶೀಟು ಹೊರಗಿನ ಗೆಸ್ಟ್‌ಗಳಿಗೂ ಕಾಣ್ತಿದೆ. ಮ್ಯಾನೇಜರ್ ಎಲ್ಲಾ ಲಾಕ್ ಮಾಡಿ ಅಂತಾರೆ. ಮಾಡ್ಲಾ?

ಉತ್ತರ 1: ಪೂರ್ತಿ ಲಾಕ್ ಬೇಡ ಸರ್, ಜನ ವಾಟ್ಸಾಪಲ್ಲಿ ಫೈಲ್ ಕಳ್ಸೋಕೆ ಶುರು ಮಾಡ್ತಾರೆ, ಆಮೇಲೆ ನಿಮ್ಗೆ ಏನೂ ಕಾಣಲ್ಲ. ಕ್ರಿಯೇಟ್ ಮಾಡೋ ಪರ್ಮಿಶನ್ ಒಂದು ಸೆಕ್ಯುರಿಟಿ ಗ್ರೂಪಿಗೆ (ಪರ್ಮಿಶನ್ ಕೊಡೋಕೆ ಐಟಿಯವ್ರು ಮಾಡೋ ಆಯ್ದ ಜನರ ಪಟ್ಟಿ) ಮಾತ್ರ ಕೊಡಿ, ಡಿಪಾರ್ಟ್‌ಮೆಂಟಿಗೆ ಇಬ್ಬಿಬ್ರು ಸಾಕು.

ಉತ್ತರ 2: ಜೊತೆಗೆ ಎಕ್ಸ್‌ಪೈರೇಶನ್ ಪಾಲಿಸಿ ಹಾಕಿ, ಅಂದ್ರೆ ಟೀಮಿಗೆ ಒಂದು ಅವಧಿ, ಅದು ಮುಗಿದ್ರೆ ಡಿಲೀಟ್. ಯಾರಾದ್ರೂ ಬಳಸ್ತಿದ್ರೆ ತಾನಾಗೇ ರಿನ್ಯೂ ಆಗುತ್ತೆ, ಇಲ್ದಿದ್ರೆ ಓನರ್‌ಗೆ 30, 15, 1 ದಿನ ಮುಂಚೆ ಮೇಲ್ ಹೋಗುತ್ತೆ. ಓನರೇ ಇಲ್ದಿರೋ ಟೀಮಿನ ಮೇಲ್ ಯಾರಿಗೆ ಹೋಗ್ಬೇಕು ಅಂತ ಅಲ್ಲೇ ಒಂದು ಐಡಿ ಕೊಡ್ಬೇಕು, ನಿಮ್ ಕೇಸಲ್ಲಿ ಅದೇ ಮುಖ್ಯ. ಡಿಲೀಟ್ ಆದ್ರೂ 30 ದಿನದೊಳಗೆ ವಾಪಸ್ ತರ್ಬಹುದು. ಎಂಟ್ರಾ ಪಿ1 (ಯೂಸರ್ ಅಕೌಂಟ್ ನೋಡ್ಕೊಳ್ಳೋ ಮೈಕ್ರೋಸಾಫ್ಟ್ ಸರ್ವೀಸಿನ ಪೇಯ್ಡ್ ಪ್ಲ್ಯಾನ್) ಲೈಸೆನ್ಸ್ ಬೇಕು ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು: ಲೈಸೆನ್ಸ್ ಇದೆ. ಪಾಲಿಸಿ ಆಮೇಲೆ, ಮೊದ್ಲು ಆ ಸ್ಯಾಲರಿ ಸೈಟಿಂದ ಗೆಸ್ಟ್‌ಗಳನ್ನ ಇವತ್ತೇ ತೆಗೀತೀನಿ.